ಮೋರಿ ಮಿತ್ರ

“ಏ ಮೋರಿವಾಲೀ! ಸೊಂಟಕ್ಕೆ ಏನು ಕಟ್ಟಿದಿ? ಬಿಚ್ಚು!”

ಕಿಶೋರ ಹೀಗೆ ಕಿರುಚಿದಾಗ ಬೆಳಿಗ್ಗೆ ಏಳು ಗಂಟೆ. ನಾವು ಇಪ್ಪತ್ತು ಹೆಂಗಸರು ಮೀನಿನ ರಾಶಿಯ ಸುತ್ತ ಕುಕ್ಕರುಗಾಲಲ್ಲಿ ಕೂತಿದ್ದೆವು. ದೋಣಿಯಿಂದ ಇಳಿದದ್ದನ್ನು ಕೆದರಿ ಬೊಂಬಿಲು ಒಂದು ಬುಟ್ಟಿಗೆ, ಸಿಗಡಿ ಒಂದು ಬುಟ್ಟಿಗೆ, ಯಾರೂ ತಿನ್ನದ ಕಚರಾ ಇನ್ನೊಂದು ಕಡೆಗೆ ಎಂದು ಬೇರೆ ಮಾಡುವುದು ನಮ್ಮ ಕೆಲಸ. ಕೈಗೆ ಐಸು, ಕಾಲಿಗೆ ಐಸು, ಬೆನ್ನಿಗೆ ಕಿಶೋರ.

ಮೀನು ಇಳಿಯುವ ಈ ಜಾಗಕ್ಕೆ ಮುಂಬಯಿಯಲ್ಲಿ ಧಕ್ಕಾ ಎನ್ನುತ್ತಾರೆ. ಹಿಂದಿಯಲ್ಲಿ ಧಕ್ಕಾ ಎಂದರೆ ನೂಕುವುದು. ಎರಡರಲ್ಲಿ ಯಾವ ಅರ್ಥ ಹಿಡಿದರೂ ನಮ್ಮ ಮಟ್ಟಿಗೆ ತಪ್ಪಿಲ್ಲ. ಕಿಶೋರ ನಮಗೆ ಕೂಲಿ ಕೊಡುವ ಮನೀಶ್ ಸೇಠರ ಮುಕಾದಮ, ಅಂದರೆ ನಮ್ಮ ಮೇಲಿನ ಮೇಸ್ತ್ರಿ, ಕಾರವಾರ ಕಡೆಯವನು. ಮನೆಯಲ್ಲಿ ಕೊಂಕಣಿ, ಧಕ್ಕಾದ ಮೇಲೆ ಹಿಂದಿ, ನಮ್ಮನ್ನು ಬಯ್ಯಲು ಮಾತ್ರ ಕನ್ನಡ. ಅಷ್ಟರ ಮಟ್ಟಿಗೆ ಕನ್ನಡಾಭಿಮಾನಿ ಎನ್ನಬೇಕು.

ಅವನು ಮೋರಿವಾಲಿ ಎಂದದ್ದು ಗುರುಬಾಯಿಗೆ. ಹಾಗೆ ನೋಡಿದರೆ ನಾವೆಲ್ಲರೂ ಮೋರಿಯವರೇ. ಸಿಂದಗಿ, ಇಂಡಿ ಕಡೆಯಿಂದ ಬಂದು ಆಂಟಾಪ್ ಹಿಲ್ ಹಿಂದಿನ ದೊಡ್ಡ ಮೋರಿಯ ದಂಡೆಗೆ ತಗಡಿನ ಖೋಲಿ ಹಾಕಿಕೊಂಡವರು. ಆದರೆ ಗುರುಬಾಯಿಯ ಬಾಯಿ ನಮ್ಮೆಲ್ಲರಿಗಿಂತ ದೊಡ್ಡದು. ಹಾಗಾಗಿ ಬೈಗುಳವೂ ಮೊದಲು ಅವಳ ವಿಳಾಸಕ್ಕೇ ಬರುತ್ತದೆ.

“ಬಿಚ್ಚು ಅಂತೀಯಲ್ಲೋ ಭಾಡ್ಯಾ,” ಎಂದಳು ಗುರುಬಾಯಿ, ಕೈಯಲ್ಲಿದ್ದ ಸಿಗಡಿ ಕೆಳಗಿಡದೆ. “ನಿಮ್ಮವ್ವನ ವಾರಿಗಿಯಾಕಿ ನಾ. ನನ ಗಂಡ ಸುದ್ದಾ ಇಷ್ಟ ಜೋರಲೆ ಅಂದಿದ್ದಿಲ್ಲ!”

ನಾವು ಘೊಳ್ಳೆಂದು ನಕ್ಕೆವು. ನಗಬಾರದಿತ್ತು. ಕಿಶೋರ ಮುಂದೆ ಬಂದು ಅವಳ ಸೊಂಟಕ್ಕೆ ಕೈ ಹಾಕಿ ಚಂಚಿಯನ್ನು ಕಿತ್ತ. ಚಂಚಿ ಎಂದರೆ ನಮ್ಮ ಕಡೆ ಹೆಂಗಸರು ಎಲೆ ಅಡಿಕೆ ಇಟ್ಟುಕೊಳ್ಳುವ ಬಟ್ಟೆಯ ಚೀಲ. ಲಾಡಿ ಹರಿಯಿತು. ಅವಳ ಸೀರೆಯ ನೆರಿಗೆ ಅರ್ಧ ಸಡಿಲಾಗಿ ಜಾರಿತು. ಐವತ್ತೈದು ವರ್ಷದ ಹೆಂಗಸು ಇಡೀ ಧಕ್ಕಾದ ಎದುರು ಮೀನಿನ ಕೈಯಲ್ಲೇ ಸೀರೆ ಹಿಡಿದುಕೊಂಡು ನಿಂತಳು. ಐಸಿನ ಹಮಾಲರು ನೋಡಿದರು. ಹರಾಜಿನವರೂ ನೋಡಿದರು.

“ಸಿಗಡಿ ಚೋರಿ ಮಾಡ್ತದೆ ಇದು. ನನಗೆ ಗೊತ್ತಿಲ್ವಾ?” ಎಂದು ಅವನು ಚಂಚಿಯನ್ನು ನೆಲಕ್ಕೆ ಕೊಡವಿದ.

ಬಿದ್ದದ್ದು ಎರಡು ಎಲೆ, ನಾಲ್ಕು ಅಡಿಕೆ ಹೋಳು, ಸುಣ್ಣದ ಡಬ್ಬಿ, ತಂಬಾಕು. ಅದರ ಜೊತೆ ಮೂರು ಕಂದು ಚೀಲಗಳು. ಬೆರಳುದ್ದ, ಚಪ್ಪಟೆ, ಒದ್ದೆ ಚರ್ಮದಂಥವು. ಅಂಚಿನಲ್ಲಿ ನೂಲೆಳೆ ಜೋತಾಡುತ್ತಿತ್ತು. ಬಲೆಯಲ್ಲಿ ಕಲ್ಲು ಪಾಚಿಯ ಜೊತೆ ಬರುವ, ನಾವು ಕಚರಾ ಬುಟ್ಟಿಗೆ ಎಸೆಯುವ ಪದಾರ್ಥ.

“ಅರೆ, ಕಚರಾ ಚೋರಿ ಮಾಡ್ತದೆ!” ಕಿಶೋರ ನಕ್ಕು, ಒಂದರ ಮೇಲೆ ಗಮ್‌ಬೂಟು ಇಟ್ಟು ತಿರುವಿದ. ಪಚಕ್ ಎಂದಿತು.

ಗುರುಬಾಯಿ ಬಯ್ಯಲಿಲ್ಲ. ನನಗೆ ಹೆದರಿಕೆಯಾದದ್ದು ಆಗ. ಅವಳು ಬಯ್ಯದೆ ಇದ್ದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬಗ್ಗಿ ಉಳಿದ ಎರಡನ್ನು ಹೆಕ್ಕಿ ಸೆರಗಿಗೆ ಕಟ್ಟಿಕೊಂಡು, “ಅದರಾಗ ಜೀವ ಇತ್ತೋ,” ಎಂದಳು ಅಷ್ಟೆ.

“ಜೀವ? ನಿಂದು ನೋಡ್ಕೋ ಮೊದಲು. ಹೊಸ ವರ್ಷ ಒಂದನೇ ತಾರೀಕಿಂದ ಕಾರ್ಡ್ ಇಲ್ಲದವರು ಧಕ್ಕಾ ಒಳಗೆ ಬರೋ ಹಾಗಿಲ್ಲ. ಗೇಟಲ್ಲಿ ವಾಚ್‌ಮನ್ ಶಾಂತಪ್ಪ ನಿಂತಿರ್ತಾನೆ. ಆಮೇಲೆ ನಿನ್ನ ಮೋರಿಯಲ್ಲೇ ಮೀನು ಹಿಡಿ, ಹೋಗು.”

ಕಾರ್ಡು ಯಾರಿಗೆ ಸಿಗುತ್ತದೆ ಎಂದು ಕೇಳಿದೆ. ಸೇಠರು ಕೊಟ್ಟವರಿಗೆ ಎಂದ.

ನಾನು ದಾನೇಶ್ವರಿ. ಏಳನೇ ಇಯತ್ತೆ ಓದಿದ್ದರಿಂದ ನಮ್ಮ ಓಣಿಗೆ ನಾನೇ ವಕೀಲೆ, ನಾನೇ ಪೋಸ್ಟ್‌ಮನ್. ಹಿಂದಿ ಬೋರ್ಡನ್ನೂ ಅಕ್ಷರ ಕೂಡಿಸಿ ಓದುತ್ತೇನೆ. ಆದರೆ ಆ ಕಂದು ಚೀಲ ಏನೆಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಗುರುಬಾಯಿ ಅದನ್ನು ‘ಮುಶಿ ಚಂಚಿ’ ಎನ್ನುತ್ತಾಳೆ. ಮುಶಿ ಎಂದರೆ ಇಲ್ಲಿಯವರ ಮಾತಿನಲ್ಲಿ ಶಾರ್ಕ್ ಮೀನು. ಕೆಲವು ಮುಶಿ ಮರಿ ಹಾಕುತ್ತವೆ, ಕೆಲವು ಹೀಗೆ ಚಂಚಿಯಲ್ಲಿ ಮೊಟ್ಟೆ ಕಟ್ಟಿ ಕಲ್ಲಿಗೆ ಸಿಕ್ಕಿಸಿ ಹೋಗುತ್ತವೆ. ಇದನ್ನು ಅವಳು ಕಂಡುಕೊಂಡದ್ದು ಮುಂಬಯಿಗೆ ಬಂದ ವರ್ಷವೇ, ಐಸಿನ ಬುಟ್ಟಿ ಹೊತ್ತು ಅವಳ ಬಸಿರು ಇಳಿದುಹೋದ ತಿಂಗಳು. ಬಿಸಿಲಿಗೆ ಹಿಡಿದು ನೋಡಿದಾಗ ಒಳಗೆ ಏನೋ ಮಿಸುಕಾಡಿತಂತೆ. ಅಂದಿನಿಂದ ಇಪ್ಪತ್ತೆರಡು ವರ್ಷ, ದಿನದ ಕೆಲಸ ಮುಗಿದ ಮೇಲೆ ಧಕ್ಕಾದ ಹಿಂದಿನ ಬಂಡೆಗಳ ಸಂದಿಗೆ ಅವನ್ನು ಬಿಟ್ಟು, ಚಿಟಿಕೆ ಅರಿಶಿನ ಹಾಕಿ ಬರುತ್ತಾಳೆ.

“ಯಾಕ ಯಕ್ಕಾ?” ಎಂದರೆ, “ದುಡಿಯೋ ಬಸುರಿ ಗೋಳ ನನಗ ಗೊತ್ತೈತಿ,” ಎನ್ನುತ್ತಾಳೆ.

ಯಕ್ಷಿತಾ ಎಂಬ ಹುಡುಗಿ ಬಂದದ್ದು ಅದೇ ವಾರ, ಗಣಪತಿ ಹಬ್ಬ ಮುಗಿದ ಮೇಲೆ. ಅವಳಪ್ಪನದು ವಿಲೆ ಪಾರ್ಲೆಯಲ್ಲಿ ಮಂಗಳೂರು ಮೀನೂಟದ ಹೋಟೆಲು. ಅವಳು ಸಮುದ್ರದ ಶಾಸ್ತ್ರ ಓದಿ ಯಾವುದೋ ಸಂಸ್ಥೆ ಸೇರಿದ್ದಳು. ಕನ್ನಡ ಬರುತ್ತಿತ್ತು, ಆದರೆ ಬ್ರೇಕ್ ಹಾಕಿಕೊಂಡೇ ಬರುತ್ತಿತ್ತು. ರಾಶಿಯ ಮಧ್ಯೆ ಬಿಳಿ ಬೂಟಿನಲ್ಲಿ ನಿಂತು, “ಆಂಟಿ, ಸಂಡೇ ಇಲ್ಲಿ ಮೋರಿ ಮೀಟಿಂಗ್ ಉಂಟು. ಮೋರಿಯನ್ನು ನಾವೆಲ್ಲ ಸೇರಿ ಉಳಿಸಬೇಕು. ಎಲ್ಲರನ್ನೂ ಕರ್ಕೊಂಡು ಬನ್ನಿ. ಚಾ, ಸಮೋಸ ಉಂಟು,” ಎಂದಳು.

ಗುರುಬಾಯಿ ಆ ದಿನ ಲೋಕಲ್‌ನಿಂದ ಇಳಿದವಳು ಖೋಲಿಗೂ ಹೋಗದೆ ಓಣಿಯ ನಡುವೆ ನಿಂತು ಕೂಗಿದಳು. “ಯವ್ವಾ, ನಮ್ಮ ಮೋರಿಗೆ ಮಂದಿ ಬಂದಾರ್ರೇ! ಮೀಟಿಂಗ್ ಮಾಡ್ತಾರಂತ! ಸಮೋಸನೂ ಕೊಡ್ತಾರಂತ!”

ಓಣಿಯೇ ಎದ್ದು ಕೂತಿತು. ಆ ಮೋರಿಯ ವಿಷಯಕ್ಕೆ ನಾನು ಬರೆದ ಅರ್ಜಿಗಳನ್ನು ಒಟ್ಟಿದರೆ ಮಂಚಕ್ಕೆ ಕಾಲು ಕೊಡಬಹುದು. ಸಂಡೇ ದಿನ ನಲವತ್ತು ಹೆಂಗಸರು ಇಸ್ತ್ರಿ ಸೀರೆ ಉಟ್ಟು ಹೊರಟೆವು. ಒಬ್ಬಾಕೆ ಸಾಕ್ಷಿಗಿರಲಿ ಎಂದು ಮೋರಿಯ ಕೆಸರನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ತಂದಿದ್ದಳು.

ಹರಾಜಿನ ಶೆಡ್ಡಿನಲ್ಲಿ ಕುರ್ಚಿ ಹಾಕಿದ್ದರು. ಸಂಸ್ಥೆಯ ದೊಡ್ಡ ಸಾಹೇಬ ಕೂತಿದ್ದ, ಇಂಗ್ಲಿಷ್ ಬಿಟ್ಟರೆ ಬೇರೇನೂ ಬಾರದವನು. ಪಕ್ಕದಲ್ಲಿ ಮನೀಶ್ ಸೇಠ್, ಬಿಳಿ ಶರ್ಟು, ಕೈಗೆ ಬಂಗಾರದ ಕಡಗ. ಹಿಂದೆ ಬ್ಯಾನರು. ನಾನು ಅಕ್ಷರ ಕೂಡಿಸಿದೆ: ಮೋರಿ ಬಚಾವೋ, ಸಮುದ್ರ ಬಚಾವೋ.

“ಮೊದಲು ನಮ್ಮಲ್ಲಿ ಮೋರಿ ತುಂಬ ಇತ್ತು,” ಎಂದು ಯಕ್ಷಿತಾ ಶುರು ಮಾಡಿದಳು. “ಈಗ ಮೋರಿಗೆ ತುಂಬ ಕಷ್ಟ ಉಂಟು.”

“ಮೋರಿಗೇನ ಕಷ್ಟ ಬೇ? ಕಷ್ಟ ನಮಗೈತಿ,” ಎಂದಳು ಗುರುಬಾಯಿ.

“ಹಾಗಲ್ಲ ಆಂಟಿ, ಜನ ಸುಮ್ಮನೆ ಹೆದರ್ತಾರೆ. ಮೋರಿ ನಮಗೆ ಏನೂ ಮಾಡುವುದಿಲ್ಲ.”

“ಏನೂ ಮಾಡೂದಿಲ್ಲ? ಹ್ವಾದ ಮಳಿಗಾಲದಾಗ ಮನ್ಯಾಗ ಹೊಕ್ಕು ನನ ಜ್ವಾಳದ ಹಿಟ್ಟಿನ ಡಬ್ಬಿ ಒಯ್ದೈತಿ!”

ಯಕ್ಷಿತಾಳ ಕಣ್ಣು ಅರಳಿದವು. “ಮೋರಿ? ಮನೆಗೆ ಬಂತಾ?”

“ವರ್ಷಾ ಬರತೈತಿ. ಖಾಟಿನ ಮಟಾ ಬರತೈತಿ. ಒಮ್ಮೆ ಬಂತಂದ್ರ ಮೂರ ದಿನ ಹೋಗೂದಿಲ್ಲ. ಈ ಹಾಟ್ಯಾಗೋಳು ಒಬ್ಬರೂ ಬಂದು ನೋಡೂದಿಲ್ಲ.”

ಸಾಹೇಬ ಬಗ್ಗಿ ಏನೆಂದಳು ಎಂದು ಕೇಳಿದ. ಯಕ್ಷಿತಾ ಬೆವರು ಒರೆಸಿಕೊಂಡು ಇಂಗ್ಲಿಷಿನಲ್ಲಿ, ತನ್ನ ಅನುಭವ ಹಂಚಿಕೊಳ್ಳುತ್ತಿದ್ದಾರೆ, ಬಹಳ ಸಂತೋಷವಾಗಿದ್ದಾರೆ ಎಂದಳು. ಅಷ್ಟು ಇಂಗ್ಲಿಷ್ ನನಗೂ ತಿಳಿಯುತ್ತದೆ. ಸಾಹೇಬ ಅದನ್ನು ಬರೆದುಕೊಂಡ.

“ಮತ್ತೆ ಆಂಟಿ, ಮೋರಿ ತಿನ್ನುವುದು ಕಡಿಮೆ ಮಾಡಬೇಕು. ನಮ್ಮ ಹೋಟೆಲಲ್ಲಿ ಅಪ್ಪನಿಗೆ ಜಗಳ ಮಾಡಿ ಮೋರಿ ಮಸಾಲ ಬಂದ್ ಮಾಡಿಸಿದೆ.”

ನಲವತ್ತು ಹೆಂಗಸರು ಕೈಯಲ್ಲಿದ್ದ ಸಮೋಸವನ್ನು ನೋಡಿಕೊಂಡರು.

“ಥೂ ನಿಮ್ಮೌನ!” ಎಂದಳು ಗುರುಬಾಯಿ. “ಮೋರಿ ಮಸಾಲ? ನಿಮ್ಮ ಹೊಟೇಲ ಯಾವ ಗಲ್ಲ್ಯಾಗೈತಿ ಹೇಳ ತಂಗಿ, ಆ ಕಡಿ ಹಾಯೂದಿಲ್ಲ ನಾವು!”

ಆಗ ಯಕ್ಷಿತಾ ದೊಡ್ಡ ಚಿತ್ರವೊಂದನ್ನು ಬಿಚ್ಚಿ ಹಿಡಿದಳು. ನೋಡಿದ್ದೇ ಗುರುಬಾಯಿ ಎದ್ದು ನಿಂತಳು. “ಅಯ್ಯ ಇದರ! ಇದು ಮುಶಿ! ಇದಕ್ಕ ಯಾವ ಹುಚ್ಚಪ್ಯಾಲಿ ಮೋರಿ ಅಂದದ್ದು?”

ನಾನು ಎದ್ದು ನಮ್ಮ ಮೋರಿ ಯಾವುದು ಎಂದು ವಿವರಿಸಿ, ಸಾಕ್ಷಿಯ ಡಬ್ಬಿಯನ್ನು ಮುಚ್ಚಳ ತೆಗೆದು ತೋರಿಸಿದೆ. ಯಕ್ಷಿತಾ ಮೂಗು ಮುಚ್ಚಿಕೊಂಡು, ಆಮೇಲೆ ಅರ್ಥವಾಗಿ, ನೆಲಕ್ಕೆ ಕೂತು ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. “ಅಯ್ಯೋ ದೇವ್ರೇ! ಅಜ್ಜಿ ಹೇಳುವ ತಾಟೆ ಗೊತ್ತು, ಹೋಟೆಲ್ ಮೆನುವಿನ ಮೋರಿ ಗೊತ್ತು. ಈ ಮೋರಿ ಗೊತ್ತೇ ಇಲ್ಲ ಮಾರ್ರೆ ನನಗೆ!” ಶಾರ್ಕಿಗೆ ಅವಳಜ್ಜಿಯ ಮಾತಿನಲ್ಲಿ ತಾಟೆ, ಕೊಂಕಣಿಯಲ್ಲಿ, ಮಾಲವಣಿಯಲ್ಲಿ ಮೋರಿ ಎನ್ನುತ್ತಾರಂತೆ. ಕಾರವಾರದ ಕಿಶೋರನಿಗೆ ಇದು ಮೊದಲೇ ಗೊತ್ತಿತ್ತು, ಮಜಾ ನೋಡಲೆಂದು ಸುಮ್ಮನಿದ್ದ. ಬ್ಯಾನರು, ಫಾರ್ಮು, ಕಾರ್ಡು ಎಲ್ಲ ಅಚ್ಚಾಗಿ ಹೋಗಿತ್ತು, ಇನ್ನು ಬದಲಿಸಲು ಬರುವುದಿಲ್ಲ ಎಂದ ಸಾಹೇಬ.

ನಗು ನಿಂತ ಮೇಲೆ ಅವಳು ಮೊಬೈಲಿನಲ್ಲಿ ಇನ್ನೊಂದು ಫೋಟೋ ತೋರಿಸಿದಳು. ಕಂದು ಚೀಲ. “ಇದನ್ನು ಯಾರಾದರೂ ಕಂಡಿದ್ದೀರಾ? ನಾನು ಒಂದು ವರ್ಷದಿಂದ ಹುಡುಕ್ತಾ ಇದ್ದೇನೆ. ಒಂದೂ ಜೀವಂತ ಸಿಕ್ಕಿಲ್ಲ.”

ಗುರುಬಾಯಿ ಹೊಸ ಲಾಡಿ ಹಾಕಿದ್ದ ಚಂಚಿಯನ್ನು ಬಿಚ್ಚಿ ನಾಲ್ಕು ಚೀಲಗಳನ್ನು ಆ ಹುಡುಗಿಯ ಅಂಗೈ ಮೇಲಿಟ್ಟಳು. ಆ ದಿನ ಬೆಳಿಗ್ಗೆ ಸಿಕ್ಕಿದ್ದವು, ಇನ್ನೂ ಒದ್ದೆ. ಯಕ್ಷಿತಾ ಮೊಬೈಲ್ ಟಾರ್ಚನ್ನು ಹಿಂದಿನಿಂದ ಹಿಡಿದಳು. ಒಳಗೆ ದಾರದಂಥದ್ದೊಂದು ಬಾಲ ಹೊರಳಿತು. ಹೆಂಗಸರೆಲ್ಲ ಒಟ್ಟಿಗೆ, “ಅಯ್ಯ ಶಿವನ!” ಎಂದರು. ನಾನೂ ಎಂದೆ. ಯಕ್ಷಿತಾ ಗುರುಬಾಯಿಯ ಮೀನುಗೈಯನ್ನು ಹಿಡಿದುಕೊಂಡು ಬಿಡಲೇ ಇಲ್ಲ.

ಅಂದೇ ತೀರ್ಮಾನವಾಯಿತು. ಐಸಿನ ಶೆಡ್ಡಿನ ಮೂಲೆಯಲ್ಲಿ ನೀರಿನ ತೊಟ್ಟಿ ಇಡುತ್ತಾರೆ, ಚಂಚಿಗಳು ಅಲ್ಲಿ ಒಡೆಯಬೇಕು, ಮರಿಗಳನ್ನು ಸಮುದ್ರಕ್ಕೆ ಬಿಡಬೇಕು. ಸಮುದ್ರದಲ್ಲಿ ಇವು ಮುಗಿಯುತ್ತ ಬಂದಿವೆಯಂತೆ. “ಇದನ್ನು ಕಮ್ಯುನಿಟಿಯೇ ಮಾಡಬೇಕು. ಮಾಡಿದ ಕಮ್ಯುನಿಟಿಯವರಿಗೆ ‘ಮೋರಿ ಮಿತ್ರ’ ಕಾರ್ಡ್ ಉಂಟು. ಅದಿದ್ದರೆ ಗೇಟಲ್ಲಿ ಯಾರೂ ತಡೆಯುವುದಿಲ್ಲ. ಧಕ್ಕಾದವರು ಒಪ್ಪಿದ್ದಾರೆ,” ಎಂದಳು ಯಕ್ಷಿತಾ.

“ಫೋಟೋ ಇರತೈತೇನ ಅದರಾಗ?”

“ಉಂಟು ಆಂಟಿ.”

“ಹೆಸರ?”

“ಹೆಸರೂ ಉಂಟು.”

ಗುರುಬಾಯಿಯ ಹತ್ತಿರ ಇದ್ದದ್ದು ಒಂದೇ ಗುರುತಿನ ಕಾಗದ. ಅದರಲ್ಲಿ ಯಾವನೋ ಪುಣ್ಯಾತ್ಮ ಅವಳನ್ನು ‘ಗುರುಭಾಯಿ, ಪುರುಷ’ ಎಂದು ಬರೆದಿಟ್ಟಿದ್ದ. “ಈ ಕಾರ್ಡಿನ್ಯಾಗರ ಹೆಂಗಸ ಆಗ್ತೀನಿ ನಾ,” ಎಂದು ಓಣಿಯ ತುಂಬ ಹೇಳಿಕೊಂಡು ತಿರುಗಿದಳು.

ಮೂರು ತಿಂಗಳು ನಾವು ಕಚರಾ ಬುಟ್ಟಿಯನ್ನು ಬಂಗಾರದಂಗಡಿಯವನ ಹಾಗೆ ಸೋಸಿದೆವು. ತೊಟ್ಟಿಯ ಬೀಗದ ಕೈ ಗುರುಬಾಯಿಯ ಕೊರಳಲ್ಲಿ, ತಾಳಿಯ ಪಕ್ಕ. ಐದನೇ ವಾರಕ್ಕೆ ಅವಳು ತೊಟ್ಟಿಗೆ ಉಡಿ ತುಂಬಿದಳು: ಹಸಿರು ಕುಪ್ಪಸದ ಕಣ, ಐದು ಬಳೆ, ಕೊಬ್ಬರಿ ಬಟ್ಟಲು, ಉತ್ತತ್ತಿ. ಯಕ್ಷಿತಾ ನೀರಿಗೆ ಅರಿಶಿನ ಮಾತ್ರ ಬೇಡ ಎಂದು ಕೈ ಮುಗಿದಳು. “ಆತಬಿಡ, ನಿನ ಹಣಿಗೆ ಹಚ್ಚತೀನಿ,” ಎಂದು ಗುರುಬಾಯಿ ಅವಳಿಗೇ ಹಚ್ಚಿದಳು. ನಾವು ಸೋಬಾನೆ ಹಾಡಿದೆವು. ಕಿಶೋರ ಹೊರಗೆ ನಿಂತು ಹುಚ್ಚು ಹಿಡಿದಿದೆ ಎಂದ.

ಮೊದಲ ಮರಿ ಹೊರಬಿದ್ದಾಗ ನಾನು ಅಲ್ಲೇ ಇದ್ದೆ. ಚಂಚಿಯ ಅಂಚು ಬಿರಿಯಿತು, ಗೇಣಿನಷ್ಟೂ ಇಲ್ಲದ ಮರಿ ಜಾರಿಕೊಂಡು ಬಂತು. ಮೈತುಂಬ ಕಪ್ಪು ಬಿಳಿ ಪಟ್ಟಿ. “ನೋಡ ಬೇ, ಹುಟ್ಟತ್ಲೇ ಪಟ್ಟಾಪಟ್ಟಿ ಚಡ್ಡಿ ಹಾಕ್ಕೊಂಡ ಬಂತು!” ಎಂದು ಗುರುಬಾಯಿ ನಕ್ಕಳು. ನಗುತ್ತಲೇ ಅತ್ತಳು. ಸಣ್ಣ ಸಿಗಡಿಯನ್ನು ಉಗುರಿನಲ್ಲಿ ಚಿವುಟಿ ತಿನ್ನಿಸುತ್ತಿದ್ದಳು. ಇಪ್ಪತ್ತೇಳು ಮರಿಗಳಾದವು. ಯಕ್ಷಿತಾಳ ಕನ್ನಡವೂ ಸುಧಾರಿಸಿತು. ನೀರಿನ ಪಂಪು ಕೆಟ್ಟಾಗ ‘ಹಾಟ್ಯಾ’ ಎನ್ನುವಷ್ಟು.

ಡಿಸೆಂಬರ್ ಮೂವತ್ತಕ್ಕೆ ಶೆಡ್ಡಿನಲ್ಲಿ ಟೇಬಲ್ ಹಾಕಿ ಕಾರ್ಡುಗಳ ಪಟ್ಟಿ ಓದಿದರು. ಮರುದಿನ ಹನ್ನೊಂದಕ್ಕೆ ಮರಿ ಬಿಡುವ ಕಾರ್ಯಕ್ರಮ, ಟಿವಿಯವರು ಬರುತ್ತಾರೆ. ಅದರ ಮರುದಿನದಿಂದ ಗೇಟಿಗೆ ಕಾರ್ಡು. ಗುರುಬಾಯಿ ತಲೆಗೆ ಎಣ್ಣೆ ಹಚ್ಚಿ, ದೊಡ್ಡ ಕುಂಕುಮ ಇಟ್ಟುಕೊಂಡು ಮುಂದೆ ನಿಂತಿದ್ದಳು. ಫೋಟೋ ಅಲ್ಲೇ ತೆಗೆಯುತ್ತಾರೆ ಎಂದುಕೊಂಡಿದ್ದಳು.

ಮೋರಿ ಮಿತ್ರ ನಂಬರ್ ಒಂದು, ಮನೀಶ್ ಸೇಠ್. ನಂಬರ್ ಎರಡು, ಕಿಶೋರ. ನಂಬರ್ ಮೂರು, ಕಾಂದಿವಲಿಯಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಸೇಠರ ಷಡ್ಡಕ. ಅವನು ಮುಶಿಯನ್ನು ತಟ್ಟೆಯಲ್ಲಾದರೂ ಕಂಡಿದ್ದನೋ ಇಲ್ಲವೋ. ಪಟ್ಟಿ ಮುಗಿಯಿತು. ನಮ್ಮ ಒಬ್ಬರ ಹೆಸರೂ ಬರಲಿಲ್ಲ.

“ಗುರುಬಾಯಿ ಅಂತ ಓದಲಿಲ್ಲರೀ,” ಎಂದೆ ನಾನು.

ಸಾಹೇಬ ಮನೆ ವಿಳಾಸದ ದಾಖಲೆ ಕೇಳಿದ. ಯಕ್ಷಿತಾ ತಲೆ ತಗ್ಗಿಸಿಕೊಂಡು ಕನ್ನಡದಲ್ಲಿ ಹೇಳಿದಳು. ನಮ್ಮ ಖೋಲಿಗಳಿಗೆ ನಂಬರಿಲ್ಲ. ಮೋರಿಯ ಮೇಲಿರುವ ಮನೆಗೆ ನಂಬರ್ ಕೊಡುವುದಿಲ್ಲ. ನಂಬರಿಲ್ಲದವರಿಗೆ ಮೋರಿ ಮಿತ್ರ ಕಾರ್ಡಿಲ್ಲ.

“ಮೋರಿ ಮ್ಯಾಲ ಇದ್ದವರ ಮೋರಿ ಮಿತ್ರ ಅಲ್ಲಂದ್ರ, ಮತ್ತ ಯಾರು? ಇವರಪ್ಪೇನ?” ಎಂದಳು ಗುರುಬಾಯಿ.

ಮನೀಶ್ ಸೇಠ್ ಬಹಳ ಮೃದುವಾಗಿ ಮಾತಾಡುವವರು. ಕಡಗ ತಿರುಗಿಸುತ್ತ, “ಮೌಶಿ, ಸಮಝೋ. ತುಮ್ ಕಮ್ಯುನಿಟಿ ನಹೀ ಹೋ. ತುಮ್ ಲೇಬರ್ ಹೋ,” ಎಂದರು.

ಕಿಶೋರ ಅದನ್ನು ಕನ್ನಡ ಮಾಡಿದ, ಯಾರೂ ಕೇಳದಿದ್ದರೂ. “ನೀವು ಜನ ಅಲ್ಲ, ಕೂಲಿ. ನಾಳೆ ಮರಿಗಳನ್ನು ಟಬ್ಬಿಗೆ ತುಂಬಿ, ಮೇಲೆ ರೇಷ್ಮೆ ಬಟ್ಟೆ ಮುಚ್ಚಿ ಸ್ಟೇಜಿನ ಮೇಲಿಡಿ. ಆಮೇಲೆ ಹಗ್ಗದ ಆಚೆ ನಿಂತು ಚಪ್ಪಾಳೆ ಹೊಡೀರಿ. ಸ್ನಾನ ಮಾಡ್ಕೊಂಡು ಬನ್ನಿ, ವಾಸನೆ ಬರ್ತದೆ.”

ಹೊರಗೆ ಯಕ್ಷಿತಾ ಓಡಿಬಂದಳು. “ಆಂಟಿ, ನಾನು ಹೇಳಿದೆ. ತುಂಬ ಹೇಳಿದೆ. ಅವರು ಕೇಳಲಿಲ್ಲ.”

“ಹೆಂಗ ಹೇಳಿದಿ?” ಗುರುಬಾಯಿ ಅವಳ ಮುಖ ನೋಡಿದಳು. “ಅವತ್ತ ನಾ ಬೈದದ್ದನ್ನ ‘ಸಂತೋಷ ಆಗೇತಿ’ ಅಂತ ಹೇಳಿದೆಲ್ಲ, ಹಂಗ ಹೇಳಿದೇನು?”

ಹುಡುಗಿಯ ಬಿಳಿ ಬೂಟು ಈಗ ಬಿಳಿಯಾಗಿ ಉಳಿದಿರಲಿಲ್ಲ. ಅದನ್ನೇ ನೋಡಿಕೊಂಡು ನಿಂತಳು.

ಲೋಕಲ್‌ನಲ್ಲಿ ಯಾರಾದರೂ ಕಾಲು ತುಳಿದಿದ್ದರೆ ಅವರಿಗೆ ಬಡಿಯುತ್ತಿದ್ದೆ. ನಾಡಿದ್ದು ಬೆಳಿಗ್ಗೆ ಇಪ್ಪತ್ತು ಮನೆಯ ಒಲೆ ಏನಾಗುತ್ತದೆ ಎಂದು ನಮ್ಮೆಲ್ಲರ ತಲೆಯಲ್ಲಿ ಅದೊಂದೇ. ಓಣಿಗೆ ಬಂದಾಗ ಅವಳು ಮೋರಿಯ ಹಲಗೆಯ ಮೇಲೆ ನಿಂತು ಕೆಳಗೆ ನೋಡಿದಳು. ಕಪ್ಪು ನೀರು, ಮೇಲೆ ನೊರೆ.

“ದಾನಿ, ಆ ಬೋರ್ಡಿನ್ಯಾಗ ಏನ ಬರದಾರ? ಸರಿಯಾಗಿ ನೆಪ್ಪ ಮಾಡ್ಕೊಂಡ ಹೇಳ.”

“ಮೋರಿ ಬಚಾವೋ. ಮೋರಿ ಮಿತ್ರ.”

“ಮುಶಿ ಅಂತ ಎಲ್ಲೆರ ಬರದಾರೇನು?”

“ಎಲ್ಲೂ ಇಲ್ಲ ಯಕ್ಕಾ.”

ಗುರುಬಾಯಿ ನಕ್ಕಳು. ಕಿಶೋರ ಅವಳ ಚಂಚಿ ಕಿತ್ತ ದಿನದಿಂದ ಕಟ್ಟಿಟ್ಟಿದ್ದ ನಗು ಅದು. “ಹಂಗಾರ ಮೋರೀನ ಕೊಡೂಣ ತಗೋ. ಬಾಯಿ ತಪ್ಪಿ ಕೇಳಿದ್ರೂ ಕೇಳ್ಯಾರ. ಇಲ್ಲ ಅನಬಾರದು.”

ಮರುದಿನ ಬೆಳಕು ಹರಿಯುವ ಹೊತ್ತಿಗೆ ನಾವು ಆರು ಜನ ಆರು ಎಣ್ಣೆ ಕ್ಯಾನು ಹೊತ್ತು ಲೋಕಲ್‌ನ ಲಗೇಜ್ ಡಬ್ಬಿ ಹತ್ತಿದೆವು. ಹೂವಿನವನೊಬ್ಬ ಮೂಗು ಹಿಡಿದು ಏನಿದು ಎಂದ. “ಸೇಠಗ ಗುಲಾಬ್‌ಪಾಣಿ,” ಎಂದಳು ಗುರುಬಾಯಿ. ಅವನು ತನ್ನ ಹೂವಿನ ಮೂಟೆ ಎತ್ತಿಕೊಂಡು ಮುಂದಿನ ಸ್ಟೇಷನ್ನಿಗೆ ಇಳಿದು ಡಬ್ಬಿ ಬದಲಿಸಿದ.

ಮೊದಲು ಮರಿಗಳ ಕೆಲಸ. ಕೊಡಗಳಲ್ಲಿ ತುಂಬಿಕೊಂಡು ಹಿಂದಿನ ಬಂಡೆಗಳಿಗೆ ಹೋದೆವು. ಸಮುದ್ರದ ಭರತ ಏರುತ್ತಿತ್ತು. ಗುರುಬಾಯಿ ಸೊಂಟದ ಮಟ್ಟ ನೀರಿಗಿಳಿದು ಒಂದೊಂದನ್ನೇ ಎರಡು ಕೈಯಲ್ಲಿ ಹಿಡಿದು ಬಿಟ್ಟಳು. ಇಪ್ಪತ್ತೇಳಕ್ಕೂ ನಮ್ಮ ಓಣಿಯ ಹೆಣ್ಣುಮಕ್ಕಳ ಹೆಸರು ಹೇಳಿದಳು. ಪಟ್ಟಿ ಮೈಗಳು ಕಲ್ಲಿನ ಸಂದಿಗೆ ನುಗ್ಗಿ ಕಾಣದಾದವು. ಒಂದು ಮಾತ್ರ ಅವಳ ಕಾಲ ಬೆರಳ ಹತ್ತಿರವೇ ಸುಳಿಯುತ್ತಿತ್ತು. “ನಡೀ, ನಡೀ. ಇಲ್ಲಿ ನಿಂದ್ರಬ್ಯಾಡ, ನಿನಗೂ ಕಾರ್ಡ್ ಕೇಳ್ತಾರ,” ಎಂದು ಅದನ್ನು ಮೆಲ್ಲಗೆ ನೂಕಿದಳು. ನಾನು ನನ್ನ ಒಡಕು ಮೊಬೈಲಿನಲ್ಲಿ ಎಲ್ಲ ತೆಗೆದೆ. ಆಮೇಲೆ ಟಬ್ಬಿಗೆ ಕ್ಯಾನು ಸುರಿದು, ಹಳದಿ ರೇಷ್ಮೆ ಬಟ್ಟೆ ಮುಚ್ಚಿ, ಕೆಂಪು ರಿಬ್ಬನ್ನು ಕಟ್ಟಿದೆವು. ಮೀನಿನ ಧಕ್ಕಾದಲ್ಲಿ ವಾಸನೆಯನ್ನು ಯಾರು ಕೇಳುತ್ತಾರೆ?

ಒಂಬತ್ತಕ್ಕೆ ಯಕ್ಷಿತಾ ಬಂದು ಬಟ್ಟೆಯ ಮೂಲೆ ಎತ್ತಿದಳು. ಮುಖ ಬಿಳುಚಿತು. “ಮರಿ ಎಲ್ಲಿ?” ಎಂದಳು. ನಾನು ಮೊಬೈಲ್ ಕೊಟ್ಟೆ. ಅವಳು ವಿಡಿಯೊವನ್ನು ಕೊನೆಯತನಕ ನೋಡಿದಳು. ಮೊಬೈಲ್ ವಾಪಸ್ ಕೊಟ್ಟು, ಬಟ್ಟೆಯನ್ನು ಇಳಿಬಿಟ್ಟು, ಸಡಿಲವಾಗಿದ್ದ ರಿಬ್ಬನ್ನನ್ನು ಇನ್ನೊಂದು ಸುತ್ತು ಬಿಗಿದು ಕಟ್ಟಿ ಹೋದಳು.

ಹನ್ನೊಂದಕ್ಕೆ ಸ್ಟೇಜು ತುಂಬಿತು. ಹಾರ, ಶಾಲು, ಕ್ಯಾಮೆರಾ. ಸಾಹೇಬ ಕಮ್ಯುನಿಟಿಯನ್ನು ಹೊಗಳಿದ. ಸೇಠರು ಕೈ ಮುಗಿದರು. ನಾವು ಸ್ನಾನ ಮಾಡಿ ಹಗ್ಗದ ಆಚೆ ನಿಂತಿದ್ದೆವು. ಕ್ಯಾಮೆರಾದವನು, “ಇಧರ್ ದೇಖೋ ಸರ್, ಸ್ಮೈಲ್,” ಎಂದ. ಸಾಹೇಬ ರಿಬ್ಬನ್ ಕತ್ತರಿಸಿ ಬಟ್ಟೆ ಎಳೆದ. ಸೇಠರು ಕ್ಯಾಮೆರಾವನ್ನೇ ನೋಡುತ್ತ, ನಗುತ್ತ, ಎರಡೂ ಕೈಗಳನ್ನು ಮೊಣಕೈ ತನಕ ಟಬ್ಬಿಗಿಳಿಸಿ, ಸಿಕ್ಕಿದ್ದನ್ನು ಎತ್ತಿ ಹಿಡಿದರು.

ಅದೊಂದು ಎಡಗಾಲಿನ ಚಪ್ಪಲಿ. ಅದರಿಂದ ಕಪ್ಪು ನೀರು ಬಂಗಾರದ ಕಡಗದ ಮೇಲೆ, ಬಿಳಿ ಶರ್ಟಿನ ಮೇಲೆ ಇಳಿಯಿತು. ಫ್ಲಾಶು ಹೊಡೆಯಿತು. ಸೇಠರು ಇನ್ನೂ ನಗುತ್ತಲೇ ಇದ್ದರು. ಆಮೇಲೆ ಮೂಗಿಗೆ ಗೊತ್ತಾಯಿತು.

“ಏ! ಯಾರು ಮಾಡಿದ್ದು?” ಕಿಶೋರ ಕೂಗುವಷ್ಟರಲ್ಲಿ ಗುರುಬಾಯಿ ಹಗ್ಗದ ಕೆಳಗೆ ನುಸುಳಿ ಸ್ಟೇಜಿನ ಮುಂದೆ ನಿಂತಿದ್ದಳು.

“ನಾ ಮಾಡೀನೋ ಭಾಡ್ಯಾ. ಮೋರಿ ಬಚಾವೋ ಅಂದ್ರಿ, ಬಚಾವ್ ಮಾಡೀವಿ. ಇಪ್ಪತ್ತೆರಡ ವರ್ಷ ಬಾಗಲ್ದಾಗ ಇಟ್ಕೊಂಡ ಸಾಕೀವಿ, ಒಂದ ಹನಿ ಕಡಿಮಿ ಆಗಗೊಟ್ಟಿಲ್ಲ. ತಗೋರಿ ನಿಮ್ಮ ಮೋರಿ. ನೀವು ಕಮ್ಯುನಿಟಿ, ನೀವ ಬಿಡ್ರಿ ಸಮುದ್ರಕ್ಕ. ಮುಶಿ ಮರಿ ಕೇಳಬ್ಯಾಡ್ರಿ. ಅವು ಲೇಬರ್ ಇದ್ದುವು. ಕೆಲಸ ಮುಗೀತು, ಹೋದುವು.”

ಸಾಹೇಬ ಯಕ್ಷಿತಾಳ ಕಡೆ ತಿರುಗಿ, ಏನೆನ್ನುತ್ತಿದ್ದಾಳೆ ಎಂದು ಕೇಳಿದ. ಅವಳು ಮೈಕ್ ಎತ್ತಿಕೊಂಡಳು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಟಿವಿಯವರಿಗಾಗಿ ಹಿಂದಿಯಲ್ಲಿ, ಒಂದಕ್ಷರ ಬಿಡದೆ ಹೇಳಿದಳು. ಭಾಡ್ಯಾ ಎಂಬಲ್ಲಿಗೆ ಬಂದಾಗ, ಇದಕ್ಕೆ ಇಂಗ್ಲಿಷ್ ಇಲ್ಲ ಸರ್, ಹಾಗೇ ಹೇಳುತ್ತೇನೆ ಎಂದು, ನಮ್ಮ ಸಿಂದಗಿಯ ಉಚ್ಚಾರದಲ್ಲೇ ಹೇಳಿದಳು. ಹಗ್ಗದ ಆಚೆಯಿಂದ ನಾವು ಚಪ್ಪಾಳೆ ಹೊಡೆದೆವು. ಹೊಡೆಯಿರಿ ಎಂದು ಅವರೇ ಹೇಳಿದ್ದರಲ್ಲ.

ಒಂದನೇ ತಾರೀಕು ಬೆಳಿಗ್ಗೆ ಗೇಟು ಹಾಕಿತ್ತು. ಇಂಡಿ ಕಡೆಯ ಶಾಂತಪ್ಪ ಹೊಸ ಟೊಪ್ಪಿಗೆ ಹಾಕಿಕೊಂಡು ಅಡ್ಡ ನಿಂತಿದ್ದ. ಒಳಗೆ ಮೂರು ದೋಣಿ ಬಂದು ರಾಶಿ ಬಿದ್ದಿತ್ತು. ಬೇರೆ ಮಾಡುವವರಿಲ್ಲದೆ ಐಸು ಕರಗಿ ನೀರು ಗೇಟಿನ ಅಡಿಯಿಂದ ನಮ್ಮ ಕಾಲಿಗೆ ಬರುತ್ತಿತ್ತು. ಕಿಶೋರ ಯಾರಿಗೋ ಬಯ್ಯುತ್ತಿದ್ದದ್ದು ಕೇಳಿಸಿತು. ಕನ್ನಡದಲ್ಲಿ ಅಲ್ಲ.

“ಯಕ್ಕಾ, ನಾ ಏನ ಮಾಡ್ಲಿ, ಹುಕುಂ ಐತಿ,” ಎಂದ ಶಾಂತಪ್ಪ, ಕಣ್ಣು ಬೇರೆ ಕಡೆ ಇಟ್ಟು. “ಕಾರ್ಡ್ ತೋರ್ಸರಿ.”

ಗುರುಬಾಯಿ ಚಂಚಿ ಬಿಚ್ಚಿದಳು. ಎಲೆ ಅಡಿಕೆಯ ಸಂದಿಯಿಂದ, ಅಂಚು ಬಿರಿದ ಒಂದು ಕಂದು ಚೀಲವನ್ನು ತೆಗೆದು ಅವನ ಅಂಗೈ ಮೇಲಿಟ್ಟಳು. ಅವನು ಅದನ್ನು ತಿರುಗಿಸಿ ನೋಡಿದ. ಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ.

“ಇದರಾಗ ಏನೂ ಇಲ್ಲಲ್ಲ ಬೇ?”

“ಇತ್ತೋ,” ಎಂದಳು ಗುರುಬಾಯಿ, ಗೇಟಿಗೆ ಬೆನ್ನು ಕೊಟ್ಟು ಕೂಡುತ್ತ. ಒಬ್ಬೊಬ್ಬರಾಗಿ ನಾವೂ ಕೂತೆವು. “ಇತ್ತು, ಹೋತು. ನೀ ಗೇಟ್ ಹಾಕ್ಕೊಂಡ ಕುಂದ್ರು.”